ಗಂಜಿಗೆ ಅಂಟದ ಪ್ರೋಟೀನು

"ಇನ್ನೊಂದ್ಸಲ ಮಾಡಿ ನೋಡಿ, ಇಬು ಇಮಾಸ್," ಅಂದರು ಬಾಪಾ ಗುಮಿಲಾರ್, ಫೋನಿನ ಆ ಕಡೆಯಿಂದ.

ಇಮಾಸ್ ರೋಹಾಯತಿ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಅದನ್ನೇ ದುರುಗುಟ್ಟಿ ನೋಡಿದಳು. ಗುಣಮಟ್ಟ ವಿಭಾಗದ ಮುಖ್ಯಸ್ಥರಾದ ಅವರ ಬಾಯಲ್ಲಿ ಒಂಬತ್ತು ವಾರದಿಂದ ಬೇರೆ ಮಾತೇ ಇರಲಿಲ್ಲ.

"ಬಾಪಾ, ಈ ಬ್ಯಾಚನ್ನ ಆರು ಸಲ ಪರೀಕ್ಷೆ ಮಾಡಿದೀವಿ. ಆರು ಸಲಾನೂ ಎಪ್ಪತ್ತರ ಆಸುಪಾಸು. ಏಳನೇ ಸಲಕ್ಕೆ ಅದಕ್ಕೇ ನಾಚಿಕೆಯಾಗಿ ತೊಂಬತ್ತು ಮುಟ್ಟುತ್ತಾ?"

"ಹಾಗೆ ಸಿಟ್ಟು ಮಾಡ್ಕೋಬಾರ್ದು ನೀವು. ಕೈ ಬದಲಾಯಿಸಿ ನೋಡಿ. ಬೇರೆ ಯಾರಾದ್ರೂ ಮಾಡ್ಲಿ."

"ಇಲ್ಲಿರೋದೇ ನಾಲ್ಕು ಕೈ. ನಂದೆರಡು, ರೆಸ್ತಿದೆರಡು. ಎಲ್ಲಾ ಬದಲಾಯಿಸಿ ಆಯ್ತು."

"ಹಾಗಾದ್ರೆ ಟ್ಯೂಬು ಬದಲಾಯಿಸಿ," ಅಂದು ಅವರು ಫೋನಿಟ್ಟರು.

ಪಕ್ಕದ ಮೇಜಿನಲ್ಲಿ ಕೂತಿದ್ದ ರೆಸ್ತಿ ತಲೆಯೆತ್ತಲಿಲ್ಲ. "ಟ್ಯೂಬಾ?" ಎಂದಳು.

"ಟ್ಯೂಬು."

"ಅದು ಹೋದ ತಿಂಗಳೇ ಆಯ್ತಲ್ಲ. ಈ ಸಲ ಕಿಟಕಿ ಪರದೆ ಬದಲಾಯಿಸಿ ನೋಡೋಣ್ವಾ ಇಬು?"

ರೆಸ್ತಿಗೆ ಇಪ್ಪತ್ತೊಂಬತ್ತು ವರ್ಷ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಇಮಾಸ್‌ಗೆ ಐವತ್ತೆರಡು. ಇಂಡೋನೇಷ್ಯಾದ ಬಂದುಂಗ್ ಊರಿನ ಉತ್ತರಕ್ಕೆ, ಗುಡ್ಡದ ಇಳಿಜಾರಿನಲ್ಲಿದ್ದ ಆ ಲಸಿಕೆ ಕಾರ್ಖಾನೆಗೆ ಅವಳು ಬಂದು ಇಪ್ಪತ್ತೇಳು ವರ್ಷವಾಗಿತ್ತು. ಅದರಲ್ಲಿ ಹನ್ನೊಂದು ವರ್ಷ ಈ ಲ್ಯಾಬಿನ ಮುಖ್ಯಸ್ಥೆಯಾಗಿ ಕಳೆದಿತ್ತು. ಆ ಊರಲ್ಲಿ ಹೆಂಗಸರನ್ನು ಇಬು, ಗಂಡಸರನ್ನು ಬಾಪಾ ಅಂತ ಕರೆಯುವುದು ಮರ್ಯಾದೆ, ಅಮ್ಮ ಅಪ್ಪ ಅಂದ ಹಾಗೆ. ಅಲ್ಲಿ ಅವಳ ಕೆಲಸ ಹೇಳುವುದಕ್ಕೆ ಸುಲಭ. ಗಂಟಲಮಾರಿ ರೋಗಾಣುವಿನ ವಿಷವನ್ನು ಹಲ್ಲು ಕಿತ್ತ ಹಾವಿನಂತೆ ನಿರುಪದ್ರವಿ ಮಾಡಿದರೆ ಒಂದು ಪ್ರೋಟೀನು ಸಿಗುತ್ತದೆ. ಅದನ್ನೊಂದನ್ನೇ ಮಗುವಿನ ತೋಳಿಗೆ ಚುಚ್ಚಿದರೆ ಮೈ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಂದ ದಾರಿಯಲ್ಲೇ ತೊಳೆದು ಕಳಿಸಿಬಿಡುತ್ತದೆ. ಅದಕ್ಕೇ ಅದನ್ನು ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಬೆಳ್ಳಗಿನ ಜೆಲ್ಲಿನ ಜೊತೆ ಕಲಸುತ್ತಾರೆ. ಜೆಲ್ಲಿನ ಕಣಗಳ ಮೈಮೇಲೆ ಧನ ವಿದ್ಯುತ್ತು, ಪ್ರೋಟೀನಿನ ಮೈಮೇಲೆ ಋಣ. ಒಂದನ್ನೊಂದು ಸೆಳೆದುಕೊಂಡು ಅಂಟಿ ಕೂರುತ್ತವೆ. ಹಾಗೆ ಅಂಟಿಕೊಂಡು ಬಂದದ್ದನ್ನು ಮೈ ಗಮನಿಸುತ್ತದೆ, ಗುರುತಿಟ್ಟುಕೊಳ್ಳುತ್ತದೆ. ಎಷ್ಟು ಅಂಟಿತು, ಎಷ್ಟು ಅಂಟದೆ ನೀರಿನಲ್ಲೇ ಉಳಿಯಿತು ಅಂತ ನೋಡುವುದು ಇಮಾಸ್‌ಳ ಲ್ಯಾಬು. ಲಸಿಕೆಯನ್ನು ಟ್ಯೂಬಿಗೆ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಜೆಲ್ಲು ತಳ ಸೇರುತ್ತದೆ. ಮೇಲೆ ನಿಂತ ತಿಳಿನೀರಿನಲ್ಲಿ ಪ್ರೋಟೀನು ಎಷ್ಟಿದೆ ಅಂತ ಅಳೆದರೆ ಆಯಿತು. ನೂರಕ್ಕೆ ಎಂಬತ್ತೈದಾದರೂ ಅಂಟಿರಬೇಕು, ಅದು ಕಾರ್ಖಾನೆಯ ನಿಯಮ.

ಜನವರಿಯಿಂದ ಏಳು ಬ್ಯಾಚು ತಯಾರಾಗಿದ್ದವು. ನಾಲ್ಕರಲ್ಲಿ ತೊಂಬತ್ತರ ಮೇಲೆ ಅಂಟಿತ್ತು. ಮೂರರಲ್ಲಿ ಎಪ್ಪತ್ತೊಂದು, ಅರವತ್ತೆಂಟು, ಎಪ್ಪತ್ತು. ಎಲ್ಲ ಬ್ಯಾಚೂ ಕೆಟ್ಟಿದ್ದರೆ ಇಮಾಸ್‌ಗೆ ಇಷ್ಟು ತಲೆ ಚಿಟ್ಟು ಹಿಡಿಯುತ್ತಿರಲಿಲ್ಲ. ಎರಡು ಸರಿ, ಒಂದು ಕೆಟ್ಟದ್ದು, ಒಂದು ಸರಿ, ಮತ್ತೆ ಕೆಟ್ಟದ್ದು. ಅದಕ್ಕೊಂದು ತಲೆ ಬುಡ ಇರಲಿಲ್ಲ.

ಗುರುವಾರ ಸಭೆ ಸೇರಿತು. ಪ್ರೋಟೀನು ತಯಾರಿಸುವ ವಿಭಾಗದ ಬಾಪಾ ಅನ್‌ಹಾರ್ ಬಾಗಿಲು ದಾಟುವಾಗಲೇ ಶುರು ಹಚ್ಚಿಕೊಂಡರು.

"ನಮ್ ಪ್ರೋಟೀನು ಶುದ್ಧವಾಗಿದೆ. ಬೇಕಾದ್ರೆ ಕಾಗದ ತಂದಿದೀನಿ, ನೋಡಿ."

"ಕಾಗದ ಯಾರು ಕೇಳಿದ್ರು ಬಾಪಾ," ಅಂದಳು ಇಮಾಸ್. "ನಾನು ಕೇಳಿದ್ದು ತೊಳೆಯೋ ನೀರಲ್ಲಿ ಫಾಸ್ಫೇಟ್ ಉಳಿದಿದೆಯಾ ಅಂತ. ಫಾಸ್ಫೇಟು ಜೆಲ್ಲಿನ ಮೈಮೇಲೆ ಮೊದ್ಲೇ ಹೋಗಿ ಕೂತ್ಕೊಂಡ್ರೆ ಪ್ರೋಟೀನಿಗೆ ಜಾಗ ಸಿಗಲ್ಲ. ಮೂರು ಸಲ ಬರೆದು ಕಳಿಸಿದೀನಿ. ಒಂದಕ್ಕೂ ಉತ್ತರ ಇಲ್ಲ."

"ಉತ್ತರ ಕಾಗದದಲ್ಲೇ ಇದೆ. ಹನ್ನೆರಡನೇ ಪುಟ."

ಹನ್ನೆರಡನೇ ಪುಟದಲ್ಲಿ ಉತ್ತರವಿತ್ತು. ಫಾಸ್ಫೇಟ್ ಇರಲಿಲ್ಲ. ಇಮಾಸ್ ಕಾಗದವನ್ನು ವಾಪಸು ತಳ್ಳಿದಳು. ಅದರಿಂದ ಅವಳ ಸಿಟ್ಟು ಇಳಿಯಲಿಲ್ಲ, ಹೆಚ್ಚಿತು.

ಜಕಾರ್ತಾದಿಂದ ಒಬ್ಬ ಸಲಹೆಗಾರರನ್ನು ಕರೆಸಿದ್ದರು. ಡಾಕ್ಟರ್ ವಿಬಿಸೋನೋ ಅಂತ ಹೆಸರು. ಮೀನಿನ ಮುಳ್ಳಿನ ಆಕಾರದ ಒಂದು ಚಿತ್ರವನ್ನು ಅವರು ಪರದೆಯ ಮೇಲೆ ಹಾಕಿದರು. ಒಂದೊಂದು ಮುಳ್ಳಿನ ತುದಿಗೂ ಒಂದೊಂದು ಕಾರಣ ಬರೆದಿತ್ತು. ಮನುಷ್ಯ, ಯಂತ್ರ, ವಿಧಾನ, ಸಾಮಗ್ರಿ, ವಾತಾವರಣ. ಅರ್ಧ ಗಂಟೆ ಮಾತಾಡಿದ ಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಒಟ್ನಲ್ಲಿ ಈ ಐದರಲ್ಲಿ ಯಾವುದೋ ಒಂದರಲ್ಲಿ ತೊಂದರೆ ಇದೆ," ಎಂದರು.

ರೆಸ್ತಿ ಮೇಜಿನ ಕೆಳಗೆ ಇಮಾಸ್‌ಳ ಕಾಲು ತುಳಿದಳು. ಇಮಾಸ್ ನಗಲಿಲ್ಲ. ನಗುವ ಸ್ಥಿತಿಯಲ್ಲೂ ಇರಲಿಲ್ಲ.

"ಜೆಲ್ಲಿನ ಕಡೆಯಿಂದ ಏನಾದ್ರೂ?" ಅಂತ ಕೇಳಿದರು ಗುಮಿಲಾರ್.

ಜೆಲ್ ವಿಭಾಗದಿಂದ ಯಾರೂ ಬಂದಿರಲಿಲ್ಲ. ಅವರನ್ನು ಕರೆದೇ ಇರಲಿಲ್ಲ. ಕಾಗದ ಮಾತ್ರ ಬಂದಿತ್ತು. ಅಲ್ಯುಮಿನಿಯಂ ಪ್ರಮಾಣ ಸರಿ, ಕ್ರಿಮಿ ಇಲ್ಲ, ಹುಳಿಕ್ಷಾರದ ಅಂಕಿ, ಅಂದರೆ ಪಿಎಚ್, ಐದೂವರೆಯಿಂದ ಏಳೂವರೆಯ ಒಳಗೆ. ಎಲ್ಲಕ್ಕೂ ಸರಿ ಗುರುತು.

"ಜೆಲ್ಲು ಸರಿಯಿದೆ," ಅಂದರು ಗುಮಿಲಾರ್. "ಅಂದ್ಮೇಲೆ ಪರೀಕ್ಷೆದೇ ತಪ್ಪು. ಇನ್ನೊಂದ್ಸಲ ಮಾಡಿ, ಇಬು."

ಸಭೆ ಮುಗಿಸಿ ಮೆಟ್ಟಿಲಿಳಿಯುವಾಗ ರೆಸ್ತಿ ತನ್ನ ಪುಸ್ತಕದ ಒಂದು ಹಾಳೆ ತೆರೆದು ತೋರಿಸಿದಳು. "ಇಬು, ಇದನ್ನ ಅಲ್ಲೇ ಹೇಳ್ಬೇಕು ಅಂತಿದ್ದೆ. ಯಾರಾದ್ರೂ ಮಾತಾಡೋಕೆ ಬಿಟ್ಟಿದ್ರೆ ತಾನೇ. ನೋಡಿ, ಮೂರನೇ ಬ್ಯಾಚು ಕೆಟ್ಟಿತ್ತು, ನಾಲ್ಕನೇದು ಸರಿಯಿತ್ತು. ಎರಡಕ್ಕೂ ಪ್ರೋಟೀನು ಹಾಕಿದ್ದು ಒಂದೇ ಡ್ರಮ್ಮಿಂದ."

ಇಮಾಸ್ ಮೆಟ್ಟಿಲ ಮಧ್ಯೆಯೇ ನಿಂತಳು. "ಜೆಲ್ಲು?"

"ಜೆಲ್ಲು ಮಾತ್ರ ಬೇರೆ ಬೇರೆ ಪಾತ್ರೆದು. ಕಾಗದದಲ್ಲಿ ಎರಡೂ ಅವಳಿಜವಳಿ ಥರ ಇದೆ."

"ಅಷ್ಟು ಚೆನ್ನಾಗಿ ಯಾವುದೂ ಹೋಲಲ್ಲ ರೆಸ್ತಿ. ನನ್ನ ಅವಳಿ ಸೋದರಳಿಯರೇ ಹೋಲಲ್ಲ."

ಜೆಲ್ ತಯಾರಿಸುವ ಕೋಣೆ ಅಂಗಳದ ಆಚೆ, ಹಳೇ ಕಟ್ಟಡದಲ್ಲಿತ್ತು. ನಡೆದರೆ ಮೂರು ನಿಮಿಷ. ಒಳಗೆ ಹೋಗಬೇಕಾದರೆ ಚಪ್ಪಲಿ ಬದಲಾಯಿಸಬೇಕು, ನಿಲುವಂಗಿ ಹಾಕಬೇಕು, ತಲೆಗೆ ಟೋಪಿ, ಬಾಯಿಗೆ ಮುಸುಕು, ಪುಸ್ತಕದಲ್ಲಿ ಹೆಸರು ಬರೆಯಬೇಕು. ಆ ಪುಸ್ತಕದಲ್ಲಿ ತಾನು ಹಿಂದೆ ಯಾವಾಗ ಹೆಸರು ಬರೆದಿದ್ದೆ ಅಂತ ಇಮಾಸ್ ನೆನಪಿಸಿಕೊಳ್ಳಲು ನೋಡಿದಳು. ಲ್ಯಾಬಿನ ಮುಖ್ಯಸ್ಥೆ ಆದ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಕಾಗದ ಬರುತ್ತಿತ್ತು, ಸಾಕಾಗುತ್ತಿತ್ತು.

ಒಳಗಿದ್ದದ್ದು ಸಾನುಸಿ. ಕಾರ್ಖಾನೆಯಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ಅವನನ್ನು ಮಾಂಗ್ ಅನ್ನುತ್ತಿದ್ದರು, ಚಿಕ್ಕಪ್ಪ ಅಂದ ಹಾಗೆ. ಮೂವತ್ತಮೂರು ವರ್ಷದಿಂದ ಜೆಲ್ಲು ಕಾಯಿಸುತ್ತಿದ್ದ. ನಾಲ್ಕು ತಿಂಗಳಲ್ಲಿ ನಿವೃತ್ತಿ. ಮುಸುಕಿನ ಮೇಲೆ ಕಂಡ ಎರಡು ಕಣ್ಣಿನಲ್ಲಿ ಸ್ವಾಗತವೇನೂ ಇರಲಿಲ್ಲ.

"ಬನ್ನಿ ಇಬು. ನನ್ನ ತಲೆ ಮೇಲೆ ಹಾಕೋಕೆ ಬಂದ್ರಾ?"

"ಯಾರ ತಲೆ ಮೇಲೂ ಹಾಕೋಕೆ ಬಂದಿಲ್ಲ ಮಾಂಗ್. ನನ್ನ ತಲೆ ಮೇಲಿರೋದನ್ನ ಇಳಿಸೋಕೆ ದಾರಿ ಹುಡುಕ್ತಿದೀನಿ."

"ಕಾಗದ ಕಳ್ಸಿದೀನಲ್ಲ."

"ಕಾಗದ ನೋಡಿ ನೋಡಿ ಕಣ್ಣು ಕುರುಡಾಯ್ತು. ಜೆಲ್ಲು ತೋರ್ಸಿ."

ಸಾನುಸಿ ಗೋಡೆಯ ಕಡೆ ತಿರುಗಿ ಒಂದು ಕಪಾಟು ತೆರೆದ. ಒಳಗೆ ಸಾಲಾಗಿ ಎತ್ತರದ ಗಾಜಿನ ಕೊಳವೆಗಳು. ಪ್ರತಿ ಪಾತ್ರೆಯಿಂದಲೂ ಒಂದಿಷ್ಟು ಜೆಲ್ಲು ತೆಗೆದು ಇಡುವುದು ಅವನ ಅಭ್ಯಾಸ, ಯಾವ ನಿಯಮದಲ್ಲೂ ಅದು ಇರಲಿಲ್ಲ. ಎರಡು ಕೊಳವೆ ತೆಗೆದು ಒಟ್ಟಿಗೇ ಅಲ್ಲಾಡಿಸಿ ಮೇಜಿನ ಮೇಲಿಟ್ಟ.

"ಕೂತ್ಕೊಳ್ಳಿ. ಹತ್ತು ನಿಮಿಷ."

ಇಬ್ಬರೂ ಕೊಳವೆಗಳನ್ನೇ ನೋಡುತ್ತಾ ಕೂತರು. ಮೊದಲನೆಯ ಕೊಳವೆ ಮೇಲಿನಿಂದ ಕೆಳಗಿನವರೆಗೂ ಹಾಲಿನಂತೆ ಬೆಳ್ಳಗೆ ಉಳಿಯಿತು, ನೆತ್ತಿಯಲ್ಲಿ ಮಾತ್ರ ಒಂದು ಗೆರೆಯಷ್ಟು ತಿಳಿ. ಎರಡನೆಯದರಲ್ಲಿ ನಾಲ್ಕು ಬೆರಳು ತಿಳಿನೀರು ನಿಂತಿತ್ತು. ಬಿಳಿ ಕೆಳಗಿಳಿದು ಒತ್ತಾಗಿ ಕೂತಿತ್ತು.

ಇಮಾಸ್ ಕೊಳವೆಗಳ ಮೇಲಿನ ಚೀಟಿ ಓದಿದಳು. ಮೊದಲನೆಯದು ನಾಲ್ಕನೇ ಬ್ಯಾಚಿಗೆ ಹೋದದ್ದು. ಎರಡನೆಯದು ಮೂರನೆಯದಕ್ಕೆ.

"ಮಾಂಗ್, ಇದಕ್ಕೇನಾಯ್ತು?"

"ಏನಾಗುತ್ತೆ. ಎರಡು ಸಲ ಬೆಂದಿದೆ."

"ಎರಡು ಸಲ ಯಾಕೆ ಬೇಯ್ಸಿದ್ರಿ?"

"ನೀವೇ ಹೇಳಿದ್ದಲ್ಲ," ಅಂದ ಸಾನುಸಿ. ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ, ಅದೇ ಅವಳಿಗೆ ಚುಚ್ಚಿತು.

ಅವನು ವಿವರವಾಗಿ ಹೇಳಿದ. ಜೆಲ್ಲಿನಲ್ಲಿ ಕ್ರಿಮಿ ಉಳಿಯಬಾರದು ಅಂತ ಅದನ್ನು ಆಟೋಕ್ಲೇವಿನಲ್ಲಿ ಕಾಯಿಸುತ್ತಾರೆ. ಮನೆಯ ಪ್ರೆಷರ್ ಕುಕ್ಕರ್ ಇದ್ದ ಹಾಗೆ, ಆದರೆ ಕೋಣೆಯಷ್ಟು ದೊಡ್ಡದು. ಪಕ್ಕದಲ್ಲೊಂದು ಪೆನ್ನು ಕಾಗದದ ಮೇಲೆ ಶಾಖದ ಗೆರೆ ಎಳೆಯುತ್ತಾ ಹೋಗುತ್ತದೆ. ಹಿಂದೆಲ್ಲ ಗೆರೆ ಮಧ್ಯದಲ್ಲಿ ತುಂಡಾದರೆ ಆ ಪಾತ್ರೆಯನ್ನೇ ಚೆಲ್ಲಿ ಹೊಸದು ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಹೊಸ ನಿಯಮ ಬಂತು. ಚೆಲ್ಲಬೇಡಿ, ಮೊದಲಿಂದ ಇನ್ನೊಮ್ಮೆ ಪೂರ್ತಿ ಕಾಯಿಸಿ, ಗೆರೆ ತುಂಡಾಗದ ಕಾಗದವನ್ನು ಮಾತ್ರ ಅಂಟಿಸಿ. ಆಗ ಕರೆಂಟು ಹೋಗುತ್ತಿದ್ದದ್ದೇ ಅಪರೂಪ. ಈ ಜನವರಿಯಲ್ಲಿ ಪಕ್ಕದ ಹೊಸ ಶೈತ್ಯಾಗಾರವನ್ನು ಇದೇ ತಂತಿಗೆ ಜೋಡಿಸಿದರು. ಅದರ ಯಂತ್ರ ಶುರುವಾದಾಗಲೆಲ್ಲ ಇಲ್ಲಿ ದೀಪ ಮಿಣುಕುತ್ತದೆ, ಪೆನ್ನು ಎಡವುತ್ತದೆ.

"ಜಾಸ್ತಿ ಬೆಂದ್ರೆ ಇದು ತನ್ನೊಳಗಿನ ನೀರು ಬಿಟ್ಕೊಂಡು ಮುದುರ್ಕೊಳ್ಳುತ್ತೆ ಇಬು. ಹುಳಿನೂ ಏರುತ್ತೆ. ಅಂಕಿ ಆರು ಪಾಯಿಂಟ್ ಎಂಟು ಇದ್ದಿದ್ದು ಆರು ಪಾಯಿಂಟ್ ಮೂರಕ್ಕೆ ಇಳಿಯುತ್ತೆ. ಆದ್ರೆ ಐದೂವರೆಗಿಂತ ಮೇಲೇ ಇದೆಯಲ್ಲ, ಅದಕ್ಕೆ ನಿಮ್ಮೋರು ಸರಿ ಗುರುತು ಹಾಕ್ತಾರೆ."

ಇಮಾಸ್ ಗೋಡೆಗೆ ನೇತುಹಾಕಿದ್ದ ನಿಯಮದ ಕಾಗದದ ಹತ್ತಿರ ಹೋದಳು. ಕೊನೆಯಲ್ಲಿ ಮೂರು ಸಹಿ. ಒಂದು ಗುಮಿಲಾರರದು. ಒಂದು ಆಗಿನ ಉತ್ಪಾದನಾ ಮುಖ್ಯಸ್ಥರದು, ಅವರು ಈಗ ಸುರಬಾಯಾದಲ್ಲಿದ್ದರು. ಮಧ್ಯದ್ದು ಅವಳದೇ. ದಿನಾಂಕ ನೋಡಿದಳು. ಅವತ್ತು ಇಪ್ಪತ್ತು ಕಾಗದಕ್ಕಾದರೂ ಸಹಿ ಹಾಕಿರಬೇಕು. ಜೆಲ್ಲು ಎರಡು ಸಲ ಬೆಂದರೆ ಕಣದ ಮೈ ಕುಗ್ಗುತ್ತದೆ, ಮೈ ಕುಗ್ಗಿದರೆ ಪ್ರೋಟೀನಿಗೆ ಕೂರಲು ಜಾಗ ಕಮ್ಮಿ. ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳೇ ಕಲಿಸುತ್ತಿದ್ದ ಪಾಠ ಇದು. ಈ ಕಾಗದವನ್ನು ಓದಿದ್ದಿದ್ದರೆ ಅರ್ಧ ನಿಮಿಷದಲ್ಲಿ ಹೊಳೆಯುತ್ತಿತ್ತು. ಓದಿರಲಿಲ್ಲ.

"ನನ್ನ ಬುದ್ಧಿಗಿಷ್ಟು," ಎಂದಳು ಮುಸುಕಿನೊಳಗೇ.

ಮುಂದಿನ ಮೂರು ದಿನ ರೆಸ್ತಿಯ ಕೈಗೆ ಬಿಡುವಿರಲಿಲ್ಲ. ಸಾನುಸಿ ಒಂದೇ ಪಾತ್ರೆಯ ಜೆಲ್ಲನ್ನು ಮೂರು ಪಾಲು ಮಾಡಿಕೊಟ್ಟ. ಒಂದನ್ನು ಒಂದು ಸಲ ಕಾಯಿಸಿದ, ಒಂದನ್ನು ಎರಡು ಸಲ, ಒಂದನ್ನು ಮೂರು. ಮೂರಕ್ಕೂ ಒಂದೇ ಡ್ರಮ್ಮಿನ ಪ್ರೋಟೀನು ಬೆರೆಸಿದರು. ಮೊದಲನೆಯದರಲ್ಲಿ ತೊಂಬತ್ತನಾಲ್ಕು ಅಂಟಿತು. ಎರಡನೆಯದರಲ್ಲಿ ಎಪ್ಪತ್ತೆರಡು. ಮೂರನೆಯದರಲ್ಲಿ ಐವತ್ತೊಂಬತ್ತು.

"ಒಂಬತ್ತು ವಾರ," ಅಂದಳು ರೆಸ್ತಿ ಅಂಕಿಗಳನ್ನು ನೋಡುತ್ತಾ. "ಮೂರು ನಿಮಿಷ ನಡೆದು ಹೋಗೋದಕ್ಕೆ ಒಂಬತ್ತು ವಾರ ಹಿಡೀತು ನಮಗೆ."

"ಗಾಯಕ್ಕೆ ಉಪ್ಪು ಸವರ್ಬೇಡ. ನನಗೂ ಲೆಕ್ಕ ಬರುತ್ತೆ."

ಇಮಾಸ್ ಅಂಕಿಗಳನ್ನು ತೆಗೆದುಕೊಂಡು ಗುಮಿಲಾರರ ಕೋಣೆಗೆ ಹೋದಳು. ಅವರು ಎರಡು ಸಲ ಓದಿ, ಕುರ್ಚಿಗೆ ಒರಗಿ, ದೊಡ್ಡ ಹೊರೆ ಇಳಿದವರಂತೆ ಉಸಿರು ಬಿಟ್ಟರು.

"ಒಳ್ಳೇದಾಯ್ತು. ಸಾನುಸಿ ಎರಡು ಸಲ ಕಾಯ್ಸಿ ದಾಖಲೆಗೆ ಒಂದೇ ಸಲ ಅಂತ ಹಾಕಿದಾನೆ. ಕಾರಣ ಸಿಕ್ತು. ನಿರ್ವಾಹಕನ ಅಜಾಗರೂಕತೆ."

"ಬಾಪಾ, ಅವರು ಮಾಡಿದ್ದು ನಿಯಮ. ತುಂಡಾದ ಕಾಗದ ಅಂಟಿಸ್ಬೇಡಿ ಅಂತ ನಿಯಮದಲ್ಲೇ ಇದೆ. ಅದಕ್ಕೆ ಸಹಿ ಹಾಕಿರೋದು ನಾನು, ನೀವು."

ಗುಮಿಲಾರ್ ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ತೆಗೆದು ಹಾಕಿದರು. ಕೆಟ್ಟ ಮನುಷ್ಯರಲ್ಲ ಅವರು. ಇಮಾಸ್‌ಳ ತಾಯಿ ತೀರಿಕೊಂಡಾಗ ಮೂರು ದಿನ ಮನೆಗೆ ಬಂದು ಕೂತಿದ್ದರು.

"ಇಬು, ಸ್ವಲ್ಪ ಯೋಚನೆ ಮಾಡಿ. ನಿಯಮ ತಪ್ಪು ಅಂದ್ರೆ ಮೇಲಿಂದ ಬರೋ ತಪಾಸಣೆಯೋರು ನಮ್ಮ ಎಲ್ಲಾ ನಿಯಮನೂ ತೆಗೆದು ನೋಡ್ತಾರೆ. ಆರು ತಿಂಗ್ಳು ಕಾರ್ಖಾನೆ ಬಾಗಿಲು ಹಾಕ್ಬೇಕಾಗುತ್ತೆ. ಒಬ್ಬ ಮನುಷ್ಯ ಅಂದ್ರೆ ಒಂದು ತರಬೇತಿ ಕೊಟ್ಟು ಮುಗಿಸ್ಬೋದು. ಅವನಿಗೇನು, ನಾಲ್ಕು ತಿಂಗಳಲ್ಲಿ ಹೋಗೋನು. ಸಂಬಳಕ್ಕೆ ಧಕ್ಕೆ ಇಲ್ಲ."

"ಅದು ಸರಿಯಲ್ಲ ಬಾಪಾ."

"ನಾಳೆ ಮಾತಾಡೋಣ."

ಒಂಬತ್ತು ವಾರದ ಆಯಾಸ ಇಮಾಸ್‌ಳ ಬೆನ್ನಿನಲ್ಲಿ ಕೂತಿತ್ತು. "ಸರಿ, ನಾಳೆ," ಅಂದಳು. ಮನೆಗೆ ಹೋಗಿ ಗಂಡ ಬಿಸಿ ಮಾಡಿಟ್ಟಿದ್ದ ಸಾರು ಅನ್ನ ಉಂಡು ಮಲಗಿದಳು. ಆಮೇಲೆ ತಿಂಗಳುಗಟ್ಟಲೆ ಅವಳು ತನ್ನನ್ನು ಬೈದುಕೊಂಡದ್ದು ಆ ಒಂದು "ಸರಿ"ಗೆ.

ಮರುದಿನ ಅವಳು ಬರುವಷ್ಟರಲ್ಲಿ ವರದಿ ಎಲ್ಲ ವಿಭಾಗಕ್ಕೂ ಹೋಗಿಯಾಗಿತ್ತು. ಅದರಲ್ಲಿ ಸಾನುಸಿಯ ಹೆಸರು, ನೌಕರಿ ಸಂಖ್ಯೆ, "ಮರುತರಬೇತಿ" ಎಂಬ ಪದ. ಹತ್ತು ಗಂಟೆಗೆ ಅವನನ್ನು ತರಬೇತಿ ಕೋಣೆಯಲ್ಲಿ ಕೂರಿಸಿ, ಆಟೋಕ್ಲೇವ್ ಬಳಸುವುದು ಹೇಗೆ ಅಂತ ಹೋದ ವರ್ಷ ಸೇರಿದ ಒಬ್ಬ ಎಂಜಿನಿಯರ್ ಹುಡುಗಿಯಿಂದ ಪಾಠ ಹೇಳಿಸಿದರು. ಆ ಹುಡುಗಿ ಅರ್ಧಕ್ಕೇ ನಿಲ್ಲಿಸಿ, "ಮಾಂಗ್, ನನಗೆ ಇದೆಲ್ಲ ಕಲಿಸಿದ್ದೇ ನೀವು, ನಾನೇನು ಹೇಳ್ಲಿ," ಅಂದಳಂತೆ. ಅವನು, "ಹೇಳಮ್ಮ, ಪಟ್ಟಿಯಲ್ಲಿ ಇರೋದನ್ನ ಓದ್ಬಿಡು, ನಿನ್ನ ಕೆಲಸ ಮುಗೀಲಿ," ಅಂದನಂತೆ. ಕೊನೆಗೆ ಹತ್ತು ಪ್ರಶ್ನೆಯ ಪರೀಕ್ಷೆ. ಹತ್ತಕ್ಕೆ ಹತ್ತು. ಸಹಿ ಹಾಕಿ, ನಿಲುವಂಗಿ ಮಡಚಿಟ್ಟು ಮನೆಗೆ ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಇಮಾಸ್ ಗುಮಿಲಾರರ ಬಾಗಿಲು ತಟ್ಟಿದಳು. ಅವರು ಜಕಾರ್ತಾಕ್ಕೆ ಹೋಗಿದ್ದರು. ಫೋನ್ ಮಾಡಿದಳು, ಎತ್ತಲಿಲ್ಲ. ವರದಿ ತಿದ್ದಬೇಕೆಂದು ಕಚೇರಿಯಲ್ಲಿ ಕೇಳಿದಳು. ವರದಿ ತಿದ್ದಲು ಇರುವ ಅರ್ಜಿಯನ್ನು ವರದಿ ಬರೆದವರೇ ತುಂಬಬೇಕು ಅಂದರು. ವರದಿ ಬರೆದವರು ಜಕಾರ್ತಾದಲ್ಲಿ.

"ಅವರು ಬರೋವರೆಗೆ?"

"ಕಾಯ್ಬೇಕು ಇಬು."

"ಕಾಯೋ ಅರ್ಜಿ ಯಾವುದಾದ್ರೂ ಇದೆಯಾ, ಅದನ್ನಾದ್ರೂ ತುಂಬ್ತೀನಿ," ಅಂದಳು ಇಮಾಸ್. ಗುಮಾಸ್ತೆ ನಿಜವಾಗಿಯೂ ಡ್ರಾಯರು ತೆರೆದು ಹುಡುಕಿದಳು.

ಭಾನುವಾರ ಬೆಳಿಗ್ಗೆ ಇಮಾಸ್ ಎರಡು ವ್ಯಾನು ಬದಲಾಯಿಸಿ ಚಿಮಾಹಿಯಲ್ಲಿದ್ದ ಸಾನುಸಿಯ ಮನೆಗೆ ಹೋದಳು. ಮನೆಯ ಹಿಂದೆ ಒಂದು ಸಣ್ಣ ಮೀನಿನ ಹೊಂಡ. ಅವನು ಪ್ಯಾಂಟು ಮೊಣಕಾಲಿಗೆ ಮಡಚಿ ಹೊಂಡದೊಳಗೆ ನಿಂತು, ಮಣ್ಣು ಕಟ್ಟಿದ ನೀರಿನ ದಾರಿ ಬಿಡಿಸುತ್ತಿದ್ದ. ಅವಳನ್ನು ಕಂಡು ತಲೆಯಾಡಿಸಿದ, ಮೇಲೆ ಬರಲಿಲ್ಲ. ಅವನ ಹೆಂಡತಿ ಆಚಾ ಒಂದು ತಟ್ಟೆಯಲ್ಲಿ ಹುಳಿಬರಿಸಿದ ಮರಗೆಣಸು, ಒಂದು ಲೋಟ ಸಕ್ಕರೆಯಿಲ್ಲದ ಚಹಾ ತಂದಿಟ್ಟು, "ಮೂರು ದಿನದಿಂದ ಅದೇ ಮಣ್ಣು ತೆಗೀತಿದಾರೆ. ಹೊಂಡಕ್ಕೇ ತಲೆ ಕೆಟ್ಟಿರ್ಬೇಕು," ಎಂದು ಒಳಗೆ ಹೋದಳು.

ಇಮಾಸ್ ದಡದಲ್ಲಿ ಕೂತಳು. "ಮಾಂಗ್, ಆ ವರದಿ ನಾನು ಬರೆದಿದ್ದಲ್ಲ."

"ಗೊತ್ತು."

"ತಿದ್ದಿಸ್ತೀನಿ."

"ಹೂಂ."

"ಹೂಂ ಅಂದ್ರೆ? ಬೈಯೋದಿದ್ರೆ ಬೈದ್ಬಿಡಿ. ಮುಖ ನೋಡದೆ ಮಣ್ಣು ತೆಗೀತಾ ನಿಂತ್ರೆ ನನಗೆ ಏನು ಅರ್ಥ ಆಗ್ಬೇಕು?"

ಅವನು ಸನಿಕೆ ನೆಟ್ಟು ನಿಂತ. "ಮೂವತ್ತಮೂರು ವರ್ಷ ಇಬು. ಆ ಮಗು ಮುಂದೆ ಕೂತು, ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ನೋಡಿದ ಮೇಲೆ ಗುಂಡಿ ಒತ್ಬೇಕು ಅಂತ ಓದಿಸ್ಕೊಂಡೆ."

ಇಷ್ಟು ದಿನ ಇಮಾಸ್‌ಳ ಒಳಗೆ ಕುದ್ದದ್ದು ತಡೆಯದೆ ಹೊರಬಂತು. "ನೀವಾದ್ರೂ ಮೊದ್ಲೇ ಬಾಯಿ ಬಿಡ್ಬೋದಿತ್ತಲ್ಲ ಮಾಂಗ್. ಕೊಳವೆ ಕಪಾಟಲ್ಲಿಟ್ಕೊಂಡು ಕೂತಿದ್ರಿ. ಜೆಲ್ಲು ಕೆಡ್ತಿದೆ ಅಂತ ನಿಮಗೆ ಕಾಣ್ತಿತ್ತು. ನಾನಲ್ಲಿ ಟ್ಯೂಬು ಬದಲಾಯಿಸ್ತಾ ಸಾಯ್ತಿದ್ದೆ."

"ಬಿಟ್ಟಿದ್ದೆ ಬಾಯಿ. ಪಾಳಿಯ ಮೇಲ್ವಿಚಾರಕನಿಗೆ ಹೇಳ್ದೆ. ಅವನು, ಅಂಕಿ ಸರಿಯಿದೆಯಲ್ಲ ಅಂದ. ಸಲಹೆ ಪೆಟ್ಟಿಗೆಗೆ ಚೀಟಿ ಹಾಕ್ದೆ. ಆಮೇಲೆ ನಿಮಗೂ ಹೇಳ್ದೆ."

"ನನಗಾ? ಯಾವಾಗ?"

"ಫೆಬ್ರವರಿಯಲ್ಲಿ. ಕ್ಯಾಂಟೀನ್ ಸಾಲಲ್ಲಿ ನೀವು ನನ್ನ ಮುಂದೆ ನಿಂತಿದ್ರಿ. ಇಬು, ಈಚೆಗೆ ಗಂಜಿ ಬೇಗ ತಳ ಹಿಡೀತಿದೆ, ಮೇಲೆ ಬರೀ ನೀರು ನಿಲ್ಲುತ್ತೆ ಅಂದೆ."

ಜೆಲ್ ಕೋಣೆಯ ಕೆಲಸಗಾರರು ಮೊದಲಿಂದಲೂ ಜೆಲ್ಲನ್ನು ಗಂಜಿ ಅಂತಲೇ ಕರೆಯುತ್ತಿದ್ದರು. ಇಮಾಸ್‌ಗೆ ನೆನಪಾಯಿತು. ಕೈಯಲ್ಲಿ ತಟ್ಟೆ, ಮುಂದೆ ಬೆಳಗಿನ ಅನ್ನದ ಗಂಜಿಯ ದೊಡ್ಡ ಹಂಡೆ, ಹಿಂದಿನಿಂದ ಯಾರದೋ ದನಿ. ತಾನು ತಿರುಗಿಯೂ ನೋಡದೆ ಹೇಳಿದ್ದ ಉತ್ತರವೂ ನೆನಪಾಯಿತು.

"ಅಡುಗೆಯವರಿಗೆ ಹೇಳಿ ಮಾಂಗ್, ಚೆನ್ನಾಗಿ ಕಲಕ್ಲಿ ಅಂತ. ಹಾಗಂದೆ ಅಲ್ವಾ?"

"ಹಾಗೇ ಅಂದ್ರಿ. ನಕ್ಕಿದ್ರಿ ಕೂಡ."

"ಅಯ್ಯೋ ದೇವರೇ," ಅಂದಳು ಇಮಾಸ್, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಸಾನುಸಿ ನೀರಿನಿಂದ ಮೇಲೆ ಬಂದು, ಅವಳಿಂದ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತು, ತಟ್ಟೆಯಿಂದ ಒಂದು ತುಂಡು ಮರಗೆಣಸು ಬಾಯಿಗೆ ಹಾಕಿಕೊಂಡ.

"ತಮಾಷೆ ಮಾಡ್ತಿದೀರಿ ಅಂದ್ಕೊಂಡೆ ನಾನು. ದೊಡ್ಡೋರಾಗಿದಾರೆ, ಇವರಿಗೆ ನಮ್ಮ ಕೋಣೆಯ ಮಾತು ಬೇಕಾಗಿಲ್ಲ ಅಂದ್ಕೊಂಡೆ. ನೀವು ಹೊಸದಾಗಿ ಬಂದಾಗ ಹೀಗಿರ್ಲಿಲ್ಲ. ದಿನಾ ಬಂದು ಕೈಯದ್ದಿ ನೋಡ್ತಿದ್ರಿ. ನೆಂಗ್, ಬಟ್ಟೆಗೆ ಸಿಡಿಯುತ್ತೆ ಅಂದ್ರೂ ಕೇಳ್ತಿರ್ಲಿಲ್ಲ."

ಮನೆಯ ಮಗಳನ್ನು ಕರೆಯುವ ಆ ಮಾತನ್ನು ಅವಳು ಅವನ ಬಾಯಲ್ಲಿ ಕೇಳಿ ಇಪ್ಪತ್ತು ವರ್ಷದ ಮೇಲಾಗಿತ್ತು.

"ಸೋಮವಾರ ಬರ್ತೀರಾ ಮಾಂಗ್?"

"ಮಂಗಳವಾರ ಹೊಸ ಪಾತ್ರೆ ಇಳೀಬೇಕು. ಬರದೆ ಏನು ಮಾಡ್ಲಿ. ಸಿಟ್ಟಿರೋದು ನಿಮ್ಮ ಮೇಲೆ, ಗಂಜಿ ಮೇಲೆ ಅಲ್ಲ." ಅವನು ಎದ್ದು ಮತ್ತೆ ಹೊಂಡಕ್ಕಿಳಿದ. "ಹೆಸರು ಮಾತ್ರ ತೆಗೆಸ್ಬೇಕು ನೀವು. ನಿವೃತ್ತಿ ದಿನ ಓದೋ ಕಾಗದದಲ್ಲಿ ಮರುತರಬೇತಿ ಅಂತ ಇರ್ಬಾರ್ದು. ನನ್ನ ಅಳಿಯ ಬರ್ತಾನೆ."

ಇಮಾಸ್ ಸೋಮವಾರ ಕೂತು ಎರಡು ಪುಟದ ಪತ್ರ ಬರೆದಳು. ನಿಯಮಕ್ಕೆ ಓದದೆ ಸಹಿ ಹಾಕಿದ್ದು ತಾನು, ನಿರ್ವಾಹಕ ನಿಯಮವನ್ನು ಅಕ್ಷರಶಃ ಪಾಲಿಸಿದ್ದಾರೆ, ತೊಂದರೆಯನ್ನು ಮೊದಲು ಕಂಡು ತಿಳಿಸಿದವರೂ ಅವರೇ, ತಿಳಿಸಿದ್ದನ್ನು ಕೇಳಿಸಿಕೊಳ್ಳದವರಲ್ಲಿ ತಾನೂ ಒಬ್ಬಳು. ಕ್ಯಾಂಟೀನಿನ ಸಂಗತಿಯನ್ನು ಬರೆಯಲೋ ಬೇಡವೋ ಅಂತ ಅರ್ಧ ಗಂಟೆ ಯೋಚಿಸಿ, ಬರೆದಳು. ಪತ್ರವನ್ನು ಗುಮಿಲಾರರಿಗೆ ಕೊಡದೆ ನೇರ ಕಾರ್ಖಾನೆಯ ನಿರ್ದೇಶಕಿಗೆ ಕೊಟ್ಟಳು.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಗುಮಿಲಾರ್ ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಹೇಳಬೇಕಾದ್ದನ್ನು ರೆಸ್ತಿಯ ಮೂಲಕ ಹೇಳಿಸಿದರು. ರೆಸ್ತಿ ಅವರ ದನಿಯನ್ನೇ ಅನುಕರಿಸಿ ಅದನ್ನು ಒಪ್ಪಿಸುತ್ತಿದ್ದಳು. ತಪಾಸಣೆಯವರು ಬಂದು ಮುನ್ನೂರು ನಿಯಮ ತೆಗೆಸಿ ಓದಿದರು. ಕಾರ್ಖಾನೆ ಬಾಗಿಲು ಹಾಕಲಿಲ್ಲ. ಹನ್ನೊಂದು ನಿಯಮ ಬದಲಾದವು. ಗೆರೆ ತುಂಡಾದರೆ ಪಾತ್ರೆಯನ್ನು ಚೆಲ್ಲುವುದು ಮತ್ತೆ ಜಾರಿಗೆ ಬಂತು. ಪ್ರತಿ ಪಾತ್ರೆಯ ಜೆಲ್ಲಿಗೂ ಪ್ರೋಟೀನು ಬೆರೆಸಿ ಅಂಟುತ್ತದೆಯೇ ಅಂತ ಮೊದಲೇ ನೋಡಬೇಕು ಅಂತ ಹೊಸ ನಿಯಮ ಬಂತು. ಶೈತ್ಯಾಗಾರಕ್ಕೆ ಬೇರೆ ತಂತಿ ಎಳೆದರು. ಕೆಟ್ಟ ಮೂರು ಬ್ಯಾಚನ್ನು ನಾಶ ಮಾಡಿದರು. ಡಾಕ್ಟರ್ ವಿಬಿಸೋನೋ ತಮ್ಮ ಅಂತಿಮ ವರದಿಯ ನಲವತ್ತೊಂದನೇ ಪುಟದಲ್ಲಿ, ಜೆಲ್ಲಿನ ಕಾಯಿಸುವಿಕೆಯ ಕಡೆ ತಾವು ಮೊದಲಿಂದಲೂ ಬೊಟ್ಟು ಮಾಡಿದ್ದಾಗಿ ಬರೆದರು. ಒಂದು ಮುಳ್ಳಿನ ತುದಿಯಲ್ಲಿ "ವಿಧಾನ" ಅಂತ ಇತ್ತಲ್ಲ, ಅದು. ಇಮಾಸ್‌ಗೆ ಒಂದು ಎಚ್ಚರಿಕೆ ಪತ್ರ ಬಂತು. ಆ ವರ್ಷ ಸಿಗಬೇಕಿದ್ದ ಬಡ್ತಿ ಸಿಗಲಿಲ್ಲ.

ಸಾನುಸಿಯ ಹೆಸರು ತೆಗೆಸಲು ಐದು ವಾರ, ಒಂಬತ್ತು ಸಹಿ ಬೇಕಾಯಿತು. "ನಿರ್ವಾಹಕನ ಅಜಾಗರೂಕತೆ" ಇದ್ದಲ್ಲಿ "ವಿಧಾನದ ದೋಷ" ಅಂತ ಬಂತು. ತರಬೇತಿಯ ದಾಖಲೆಯನ್ನು ಮಾತ್ರ ಅಳಿಸಲು ಬರುವುದಿಲ್ಲ, ಗಣಕಯಂತ್ರ ಒಪ್ಪುವುದಿಲ್ಲ ಅಂದರು. ಇಮಾಸ್ ಎರಡು ದಿನ ಆ ಕಚೇರಿಯಲ್ಲಿ ಕೂತು ಜಗಳ ಆಡಿದಳು. ಕೊನೆಗೆ "ಮರುತರಬೇತಿ ಪಡೆದವರು" ಎಂಬ ಕಾಲಮ್ಮಿನಿಂದ "ತರಬೇತಿ ನೀಡಿದವರು" ಎಂಬ ಕಾಲಮ್ಮಿಗೆ ಅವನ ಹೆಸರನ್ನು ದಾಟಿಸುವುದಕ್ಕೆ ಯಂತ್ರ ಒಪ್ಪಿತು. ಅದು ಸುಳ್ಳೂ ಆಗಿರಲಿಲ್ಲ. ವಾರಕ್ಕೆ ಎರಡು ದಿನ ರೆಸ್ತಿ ಅಂಗಳ ದಾಟಿ ಹೋಗಿ ಅವನ ಹತ್ತಿರ ಜೆಲ್ಲು ನೋಡುವುದನ್ನು ಕಲಿಯುತ್ತಿದ್ದಳು.

ನಿವೃತ್ತಿಯ ದಿನ ಅಳಿಯ ಬಂದಿದ್ದ. ಕಾಗದವನ್ನು ಓದಿದ್ದು ಗುಮಿಲಾರರೇ. ತರಬೇತಿ ನೀಡಿದವರು ಅಂತ ಇದ್ದ ಕಡೆ ಅವರ ದನಿ ಸ್ವಲ್ಪ ತಡವರಿಸಿತು. ಸಾನುಸಿ ಕೈ ಮುಂದೆ ಕಟ್ಟಿಕೊಂಡು ನಿಂತು ಕೇಳಿದ. ಅವನಿಗೆ ಮಾತಾಡಲು ಹೇಳಿದಾಗ, ಹೊಸ ಹುಡುಗರು ಪಾತ್ರೆಯ ಮುಚ್ಚಳವನ್ನು ಬಿಸಿಯಿರುವಾಗಲೇ ತೆಗೆಯಬಾರದು ಅಂತಷ್ಟೇ ಹೇಳಿ ಕೂತುಬಿಟ್ಟ.

ಹೊಸ ನಿಯಮದಂತೆ ಮಾಡಿದ ಮೊದಲ ಬ್ಯಾಚು ಆ ಮುಂದಿನ ಗುರುವಾರ ತಣ್ಣನೆ ಪೆಟ್ಟಿಗೆಗಳಲ್ಲಿ ಪೂರ್ವದ ದ್ವೀಪಗಳಿಗೆ ಹೊರಟಿತು. ನೂರಕ್ಕೆ ತೊಂಬತ್ತೈದು ಅಂಟಿತ್ತು. ಇಮಾಸ್‌ಗೆ ಅದನ್ನು ನೋಡಲು ಹೋಗಲಾಗಲಿಲ್ಲ. ಹುಳಿಕ್ಷಾರ ಅಳೆಯುವ ಹೊಸ ಯಂತ್ರವನ್ನು ಕೊಡುವುದಕ್ಕೆ ಉಗ್ರಾಣದವನು ಹಳೆಯದರ ಪೆಟ್ಟಿಗೆ ವಾಪಸು ಬೇಕು ಅನ್ನುತ್ತಿದ್ದ. ಹನ್ನೆರಡು ವರ್ಷದ ಹಿಂದಿನ ರಟ್ಟಿನ ಪೆಟ್ಟಿಗೆ ಯಾರ ಹತ್ತಿರ ಇರುತ್ತದೆ ಅಂತ ಅವಳು ಅವನಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.